ಅಜ್ಜಿ ಅಂಗೈ ಎತ್ತಿ ಹೇಳಿದ್ದೇನು? ಕಿರ್ಗಿಜ್ ಜನ ಮಾತಿನಲ್ಲಿ ಕಟ್ಟಿಕೊಂಡು ಬಂದ ಗಂಟು

ಪ್ರಶ್ನೆ: ನನ್ನ ಮಗ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಮೆಡಿಕಲ್ ಓದುತ್ತಿದ್ದಾನೆ. ಅಲ್ಲಿ ಅಂಗಡಿ, ಬಸ್ಸು, ಆಸ್ಪತ್ರೆ, ಎಲ್ಲಿ ನೋಡಿದರೂ ರಷ್ಯನ್ ಜಾಸ್ತಿ ಕೇಳಿಸುತ್ತದಂತೆ. ಆದರೆ ರಜೆಯಲ್ಲಿ ಗೆಳೆಯನ ಹಳ್ಳಿಗೆ ಹೋದಾಗ ಎಲ್ಲರೂ ಕಿರ್ಗಿಜ್‌ನಲ್ಲೇ ಮಾತಾಡುತ್ತಿದ್ದರಂತೆ. ಊಟ ಮುಗಿದ ಮೇಲೆ ಆ ಮನೆಯ ಅಜ್ಜಿ ಎರಡೂ ಅಂಗೈ ಮೇಲೆತ್ತಿ ಏನೋ ಹೇಳಿ ಮುಖ ಸವರಿಕೊಂಡರು, ಎಲ್ಲರೂ ಹಾಗೇ ಮಾಡಿದರು ಅಂದ. ಬೆಟ್ಟದ ಮೇಲೆ ಕುರಿ ಕುದುರೆ ಹೊಡೆದುಕೊಂಡು ಅಲೆಯುತ್ತಿದ್ದ ಜನ ಇಷ್ಟು ಕಾಲ ತಮ್ಮತನವನ್ನು ಮಾತಿನಲ್ಲೇ ಹೇಗೆ ಉಳಿಸಿಕೊಂಡರು? ಈಗ ನಗರದಲ್ಲಿ ಭಾಷೆ ಬದಲಾದರೆ ಅದೆಲ್ಲ ಹೋಗಿಬಿಡುತ್ತದಾ?

ಉತ್ತರ: ನಿಮ್ಮ ಮಗ ನೋಡಿದ್ದಕ್ಕೆ ಅವರು ‘ಬಾತಾ’ ಅನ್ನುತ್ತಾರೆ. ಅಂದರೆ ಹರಕೆ, ಆಶೀರ್ವಾದ. ಊಟ ಆದ ಮೇಲೆ, ಪ್ರಯಾಣಕ್ಕೆ ಮೊದಲು, ಮಗು ಹುಟ್ಟಿದಾಗ, ಹೊಸ ಮನೆ ಕಟ್ಟಿದಾಗ ಹಿರಿಯರು ಅಂಗೈ ಬಿಚ್ಚಿ ಬಾತಾ ಕೊಡುತ್ತಾರೆ. ಕೊನೆಗೆ ಎಲ್ಲರೂ ‘ಓಮಿಯಿನ್’ ಎಂದು ಮುಖ ಸವರಿಕೊಳ್ಳುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಶುರುವಾಗುವುದೇ ಅಲ್ಲಿಂದ.

ಹೊಸದಾಗಿ ಮದುವೆಯಾದವರಿಗೆ ಕೊಡುವ ಒಂದು ಬಾತಾ ನೋಡಿ. ‘ನಿಮ್ಮ ಹೊಸ್ತಿಲು ಗಟ್ಟಿಯಾಗಿರಲಿ, ಕೆರೆಗೆ ಅಗಲವಾಗಿರಲಿ, ತ್ಯುಂದ್ಯುಕ್ ಎತ್ತರವಾಗಿರಲಿ.’ ಕೆರೆಗೆ ಅಂದರೆ ಅವರ ದುಂಡು ಗುಡಾರದ ಸುತ್ತ ನಿಲ್ಲಿಸುವ ಮರದ ಜಾಲರಿ ಗೋಡೆ. ತ್ಯುಂದ್ಯುಕ್ ಅಂದರೆ ನೆತ್ತಿಯ ಮೇಲಿನ ಮರದ ಬಳೆ. ಹೊಗೆ ಹೋಗುವುದು, ಬೆಳಕು ಬರುವುದು ಅದರಿಂದಲೇ. ಆ ಗುಡಾರಕ್ಕೆ ‘ಬೋಜ್ ಉಯ್’, ಅಂದರೆ ಬೂದುಬಣ್ಣದ ಮನೆ ಅಂತ ಹೆಸರು. ಈಗ ಬಿಷ್ಕೆಕ್‌ನ ಒಂಬತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ಸಂಸಾರ ಹೂಡುವ ಜೋಡಿಗೂ ಇದೇ ಹರಕೆ. ಅಲ್ಲಿ ಜಾಲರಿ ಗೋಡೆ ಎಲ್ಲಿದೆ? ನೆತ್ತಿಯ ಬಳೆ ಎಲ್ಲಿದೆ? ಮಾತಿನೊಳಗಿದೆ. ಗುಡಾರ ಮಡಿಸಿಟ್ಟು ಎರಡು ತಲೆಮಾರಾದರೂ ಗುಡಾರದ ನಕ್ಷೆ ಹರಕೆಯಲ್ಲಿ ನಿಂತಿದೆ. ದೇಶದ ಬಾವುಟದ ನಡುವೆ ಇರುವ ಸೂರ್ಯನೊಳಗೂ ಅದೇ ತ್ಯುಂದ್ಯುಕ್ ಇದೆ. ಮಗನಿಗೆ ಹೇಳಿ, ಈ ಸಲ ಸರಿಯಾಗಿ ನೋಡಲಿ.

ಋತುವಿಗೊಂದು ಸಲ ಜಾಗ ಬದಲಿಸುವ ಜನ ಜೊತೆಯಲ್ಲಿ ಏನನ್ನು ಒಯ್ಯಬಹುದು? ಕಲ್ಲಿನ ಗುಡಿ ಒಯ್ಯಲಾಗದು. ಶಾಸನ ಒಯ್ಯಲಾಗದು. ಕುದುರೆ ಮೇಲೆ ಹೇರುವ ಗಂಟಿನಲ್ಲಿ ತೂಕವೇ ಇಲ್ಲದ ಸಾಮಾನು ಒಂದೇ, ಮಾತು. ಅದಕ್ಕೇ ಬೇರೆ ಜನ ಕಲ್ಲಿಗೂ ಕಾಗದಕ್ಕೂ ಒಪ್ಪಿಸಿದ್ದನ್ನು ಕಿರ್ಗಿಜರು ನಾಲಿಗೆಗೆ ಒಪ್ಪಿಸಿದರು. ಕಾನೂನು, ವಂಶಾವಳಿ, ಪಂಚಾಂಗ, ಇತಿಹಾಸ ಎಲ್ಲ ಅಲ್ಲೇ.

ಮೊದಲು ವಂಶಾವಳಿ. ‘ಜೆತಿ ಆತಾ’ ಅಂದರೆ ಏಳು ತಂದೆಯರು. ತನ್ನಿಂದ ಹಿಂದಕ್ಕೆ ಏಳು ತಲೆಮಾರಿನ ತಂದೆಯರ ಹೆಸರು ಹೇಳಲು ಬರಬೇಕು ಎಂಬುದು ಅಲ್ಲಿನ ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಏಳು ತಂದೆಯರನ್ನು ಅರಿಯದವನು ಗುಲಾಮ ಅಂತ ಗಾದೆಯೇ ಇದೆ. ಕೇಳಲು ಕಠೋರ, ಆದರೆ ಅದಕ್ಕೊಂದು ಕೆಲಸವಿತ್ತು. ತಂದೆಯ ಕಡೆಯಿಂದ ಏಳು ತಲೆಮಾರಿನೊಳಗೆ ಮದುವೆ ಆಗಬಾರದು ಎಂಬ ಕಟ್ಟುಪಾಡು ಇತ್ತು. ಪರವೂರಿನ ಇಬ್ಬರು ಎದುರಾದಾಗ ನೀನು ಯಾರ ಪೈಕಿ ಎಂದು ಕೇಳಿ ಹಿಂದಕ್ಕೆ ಎಣಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ನಂಟು ಸಿಗುತ್ತಿತ್ತು, ಅಥವಾ ಹಗೆ. ಎರಡೂ ಗೊತ್ತಿರಲೇಬೇಕಾದ ಸಂಗತಿ. ಕುಲಗಳ ದೊಡ್ಡ ಕಥೆಗೆ ‘ಸಂಜಿರಾ’ ಅಂತಾರೆ, ಹೇಳುವವನು ‘ಸಂಜಿರಾಚಿ’. ಊರಿನ ದಾಖಲೆ ಕಚೇರಿ ಒಬ್ಬ ಮುದುಕನ ತಲೆಯೊಳಗೆ ಇದ್ದ ಹಾಗೆ.

ಸೋವಿಯತ್ ಕಾಲದಲ್ಲಿ ಹೆಸರಿನ ಬಾಲಕ್ಕೆ ‘ಒವ್’, ‘ಒವಾ’ ಸೇರಿತು. ಈಗ ಹಲವರು ಅದನ್ನು ಬಿಟ್ಟು ತಂದೆಯ ಹೆಸರಿನ ಜೊತೆ ‘ಊಲು’ (ಮಗ), ‘ಕಿಜಿ’ (ಮಗಳು) ಎಂದು ಬರೆಸುತ್ತಿದ್ದಾರೆ. ಪಾಸ್‌ಪೋರ್ಟಿನಲ್ಲಿ ಇಂಥವರ ಮಗ, ಇಂಥವರ ಮಗಳು ಎಂದೇ ಅಚ್ಚಾಗುತ್ತದೆ. ಏಳು ತಂದೆಯರಲ್ಲಿ ಒಬ್ಬನಾದರೂ ಹೆಸರಿನ ಜೊತೆ ವಾಪಸ್ ಬಂದ ಹಾಗಾಯಿತು.

ಹೆಸರಿಡುವುದರಲ್ಲೂ ಒಂದು ಬದುಕು ಅಡಗಿದೆ. ಮಕ್ಕಳು ಉಳಿಯದ ಮನೆಯಲ್ಲಿ ಮಗುವಿಗೆ ‘ತುರ್ಸುನ್’ ಅಂತ ಹೆಸರಿಡುತ್ತಿದ್ದರು. ಇರಲಿ, ಉಳಿಯಲಿ ಅಂತ ಅರ್ಥ. ಸಾಲಾಗಿ ಹೆಣ್ಣೇ ಹುಟ್ಟಿದರೆ ‘ಬುರುಲ್’, ಅಂದರೆ ತಿರುಗು, ಇನ್ನು ಗಂಡಿನ ಕಡೆ ತಿರುಗು ಅಂತ. ನಮ್ಮ ತಿಪ್ಪಣ್ಣ, ಸಾಕಮ್ಮ ನೆನಪಾದರು, ಅಲ್ವಾ? ಒಂದು ಹೆಸರಿನಲ್ಲಿ ತಾಯಿಯ ದುಃಖ, ಅತ್ತೆಯ ಒತ್ತಡ, ಊರಿನ ನಂಬಿಕೆ ಎಲ್ಲ ಇರುತ್ತದೆ. ಬೇರೆ ಭಾಷೆಗೆ ಹೋದ ಮೇಲೆ ಆ ಹೆಸರು ಬರೀ ಸದ್ದು.

ಅಲ್ಲಿನ ಹೆಂಗಸರ ಮಾತಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಭಾಷೆ ಉಳಿಸಿದ ಲೆಕ್ಕದಲ್ಲಿ ಅವರನ್ನು ಮರೆಯುವವರೇ ಹೆಚ್ಚು. ಹಿಂದೆ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರು ಹೇಳುವಂತಿರಲಿಲ್ಲ. ಆ ಹೆಸರಿನ ಮಾತನ್ನೂ ಆಡುವಂತಿರಲಿಲ್ಲ. ಇದಕ್ಕೆ ‘ತೆರ್ಗೋ’ ಅನ್ನುತ್ತಾರೆ. ಈ ಬಗ್ಗೆ ಒಂದು ಕಥೆ ಇದೆ. ಒಬ್ಬ ಸೊಸೆಯ ಮಾವ, ಭಾವಂದಿರ ಹೆಸರುಗಳು ಹೊಳೆ, ಜೊಂಡು, ಕುರಿ, ತೋಳ, ಚಾಕು, ಸಾಣೆ ಅಂತ ಇದ್ದವಂತೆ. ಒಂದು ದಿನ ನೀರಿಗೆ ಹೋದವಳು ತೋಳ ಕುರಿ ಹಿಡಿದದ್ದನ್ನು ನೋಡಿ ಓಡಿ ಬಂದಳು. ಏನಂತ ಕೂಗಬೇಕು? ಯಾವ ಮಾತೂ ಆಡುವಂತಿಲ್ಲ. ಅವಳು ಕೂಗಿದ್ದು ಹೀಗೆ: ‘ಭೋರ್ಗರೆಯೋದರ ಆಚೆ, ಸರಸರ ಅನ್ನೋದರ ಈಚೆ, ಊಳಿಡೋದು ಬ್ಯಾ ಅನ್ನೋದನ್ನ ತಿಂತಾ ಇದೆ! ಕುಯ್ಯೋದನ್ನ ಮಸೆಯೋದಕ್ಕೆ ತಿಕ್ಕಿ ಬೇಗ ತನ್ನಿ!’

ಆ ಕಟ್ಟುಪಾಡು ಹೆಣ್ಣಿನ ಬಾಯಿ ಕಟ್ಟಲು ಇದ್ದದ್ದು, ಅದನ್ನು ನಾನು ಚಂದ ಮಾಡಿ ಹೇಳುವುದಿಲ್ಲ. ಆದರೆ ಕಟ್ಟಿದ ಬಾಯಿಂದಲೇ ಅವಳು ಹೊಸ ಮಾತು ಹುಟ್ಟಿಸಿದಳು, ಊರಿನ ಕುರಿಯನ್ನೂ ಕಾದಳು. ನಮ್ಮ ಉತ್ತರ ಕರ್ನಾಟಕದಲ್ಲಿ ಗಂಡನ ಹೆಸರು ನೇರವಾಗಿ ಹೇಳಬಾರದೆಂದು ಒಡಪು ಕಟ್ಟಿ ಹೇಳುವ ಹೆಂಗಸರನ್ನು ಬಲ್ಲವರಿಗೆ ಈ ಜಾಣತನ ಹೊಸದಲ್ಲ.

ಇನ್ನೊಂದು ಮಾತು ‘ಐಲನಾಯಿನ್’. ಅಜ್ಜಿಯರು ಮಗುವನ್ನು ಎತ್ತಿಕೊಂಡಾಗ ಬಾಯಿಗೆ ಮೊದಲು ಬರುವ ಮಾತು. ಮುದ್ದು, ಬಂಗಾರ ಅಂತ ಅನುವಾದ ಮಾಡಬಹುದು. ನಿಜವಾದ ಅರ್ಥ, ‘ನಿನ್ನ ಸುತ್ತ ಸುತ್ತುತ್ತೇನೆ’. ನಿನಗೆ ಬರುವ ಕೇಡು ನನಗೇ ಬರಲಿ ಅಂತ. ನಾವು ಮಗುವಿಗೆ ನಿವಾಳಿಸಿ ದೃಷ್ಟಿ ತೆಗೆಯುತ್ತೇವಲ್ಲ, ಅವರು ಅದನ್ನು ಒಂದೇ ಮಾತಿನಲ್ಲಿ ಮಾಡಿಬಿಡುತ್ತಾರೆ. ‘ಕುಲುನುಮ್’ ಅಂತಲೂ ಕರೆಯುತ್ತಾರೆ, ‘ನನ್ನ ಮರಿಗುದುರೆ’. ಕುದುರೆಗೆ ಅವರಲ್ಲಿ ವಯಸ್ಸಿಗೊಂದು ಹೆಸರು. ಹಾಲು ಕುಡಿಯುವ ಮರಿ ಕುಲುನ್, ವರ್ಷ ದಾಟಿದ್ದು ತಾಯ್, ಇನ್ನೂ ಬೆಳೆದ ಗಂಡು ಕುನಾನ್, ಹೆಣ್ಣು ಬೇ, ಬೀಜದ ಗಂಡು ಐಗಿರ್, ಸವಾರಿಯದು ಆತ್. ಮಗುವನ್ನು ತಾಯ್ ಅನ್ನದೆ ಕುಲುನ್ ಅನ್ನುವುದೇ ಯಾಕೆ ಎಂಬುದು ಕುದುರೆ ಸಾಕಿದವರಿಗೆ ತಾನಾಗಿ ಗೊತ್ತು. ಅದು ಇನ್ನೂ ತಾಯಿಯ ಪಕ್ಕ ಬಿಟ್ಟಿಲ್ಲ.

ತಿಂಗಳ ಹೆಸರುಗಳು ನನಗೆ ತುಂಬಾ ಇಷ್ಟ. ಅಲ್ಲಿನ ಕ್ಯಾಲೆಂಡರಿನಲ್ಲಿ ರಷ್ಯನ್ ಮೂಲಕ ಬಂದ ಹೆಸರುಗಳ ಜೊತೆ ಹಳೆಯ ಹೆಸರುಗಳೂ ಇರುತ್ತವೆ. ಮಾರ್ಚ್ ‘ಜಲ್ಗನ್ ಕುರಾನ್’, ಸುಳ್ಳು ಜಿಂಕೆ. ಏಪ್ರಿಲ್ ‘ಚಿನ್ ಕುರಾನ್’, ನಿಜ ಜಿಂಕೆ. ಮೇ ‘ಬುಗು’, ದೊಡ್ಡ ಕೊಂಬಿನ ಜಿಂಕೆ. ಜೂನ್ ‘ಕುಲ್ಜಾ’, ಕಾಡುಟಗರು. ಜುಲೈ ‘ತೆಕೆ’, ಬೆಟ್ಟದ ಹೋತ. ಬೇಟೆಗಾರ ಯಾವ ಪ್ರಾಣಿಯನ್ನು ಯಾವಾಗ ಗಮನಿಸಬೇಕು ಎಂಬುದು ಪಂಚಾಂಗವೇ ಆಗಿದೆ. ಚಳಿಗಾಲದ ತಿಂಗಳುಗಳು ಬರೀ ಎಣಿಕೆ: ಅಕ್ಟೋಬರ್ ಒಂಬತ್ತರದ್ದು, ಆಮೇಲೆ ಏಳರದ್ದು, ಐದರದ್ದು, ಮೂರರದ್ದು, ಒಂದರದ್ದು. ಚಂದ್ರನೂ ‘ಉರ್ಕೊರ್’ ಎಂಬ ನಕ್ಷತ್ರದ ಗೊಂಚಲೂ ಜೊತೆಯಾಗುವುದನ್ನು ನೋಡಿ ಕಾಲ ಎಣಿಸುತ್ತಿದ್ದ ಪದ್ಧತಿಯ ಉಳಿಕೆ ಇದು ಅನ್ನುತ್ತಾರೆ. ಆ ಗೊಂಚಲು ಯಾವುದು ಗೊತ್ತಾ? ನಮ್ಮ ಕೃತ್ತಿಕೆ. ಹುಣ್ಣಿಮೆ ಚಂದ್ರ ಅದರ ಬಳಿ ಬರುವ ತಿಂಗಳನ್ನು ನಾವು ಕಾರ್ತಿಕ ಅನ್ನುತ್ತೇವೆ.

ಈಗ ದೊಡ್ಡದಕ್ಕೆ ಬರೋಣ. ‘ಮನಾಸ್’. ಮನಾಸ್, ಅವನ ಮಗ ಸೆಮೆತೆಯ್, ಮೊಮ್ಮಗ ಸೆಯ್ತೆಕ್, ಈ ಮೂವರ ಮಹಾಕಾವ್ಯ. ಇದನ್ನು ಹೇಳುವವನು ‘ಮನಾಸ್ಚಿ’. ಕೈಯಲ್ಲಿ ವಾದ್ಯ ಇರುವುದಿಲ್ಲ. ಕಾಲು ಮಡಿಸಿ ಕೂತು, ಕೈ ಬೀಸಿ, ದನಿ ಏರಿಸಿ ಇಳಿಸಿ ಹೇಳುತ್ತಾನೆ. ಸಾಲುಗಳು ಏಳೆಂಟು ಅಕ್ಷರದ ಚಿಕ್ಕ ಸಾಲುಗಳು, ಕುದುರೆ ನಾಗಾಲೋಟದಲ್ಲಿ ಹೋದ ಹಾಗೆ. ಸಯಾಕ್‌ಬಾಯ್ ಕರಲಾಯೆವ್ (1894–1971) ಎಂಬ ಮನಾಸ್ಚಿಯ ಬಾಯಿಂದ ಬರೆದುಕೊಂಡದ್ದು 5 ಲಕ್ಷ ಸಾಲಿಗಿಂತ ಹೆಚ್ಚು. ಅವರಿಗಿಂತ ಮೊದಲು ಸಗಿಂಬಾಯ್ ಒರೊಜ್‌ಬಾಕೊವ್ (1867–1930) ಅವರಿಂದ ಬರೆದುಕೊಂಡದ್ದು ಮೊದಲ ಭಾಗ ಮಾತ್ರ, ಅದೇ ಸುಮಾರು 1 ಲಕ್ಷ 80 ಸಾವಿರ ಸಾಲು. ಗಡಿಯಾಚೆ ಚೀನಾದ ಶಿಂಜಿಯಾಂಗ್‌ನಲ್ಲಿ ಜುಸುಪ್ ಮಮಾಯ್ (1918–2014) ಮನಾಸನ ಎಂಟು ತಲೆಮಾರಿನ ಕಥೆ ಹೇಳಿದರು.

ಇಷ್ಟನ್ನು ಹೇಗೆ ಬಾಯಿಪಾಠ ಮಾಡಿದರು ಅಂತ ಎಲ್ಲರೂ ಕೇಳುತ್ತಾರೆ. ಅವರು ನಾವು ಶಾಲೆಯಲ್ಲಿ ಪದ್ಯ ಒಪ್ಪಿಸಿದ ಹಾಗೆ ಒಪ್ಪಿಸುವುದಿಲ್ಲ. ಕಥೆಯ ದಾರಿ ಗೊತ್ತು, ಲಯ ಮೈಯಲ್ಲಿದೆ, ಕುದುರೆಯ ವರ್ಣನೆಗೆ, ಕವಚ ತೊಡುವುದಕ್ಕೆ, ಅಳುವಿಗೆ ಸಿದ್ಧ ಸಾಲುಗಳಿವೆ. ಉಳಿದದ್ದು ಆ ರಾತ್ರಿ, ಆ ಕೇಳುಗರ ಮುಂದೆ ಹುಟ್ಟುತ್ತದೆ. ಕನಸಿನಲ್ಲಿ ಮನಾಸನೋ ಅವನ ಕಡೆಯವರೋ ಬಂದು ಹೇಳು ಎಂದು ಅಪ್ಪಣೆ ಕೊಟ್ಟರು, ಅಲ್ಲಿಂದ ಶುರುವಾಯಿತು ಅಂತ ಬಹಳ ಮನಾಸ್ಚಿಗಳು ಹೇಳಿಕೊಂಡಿದ್ದಾರೆ.

ಮನಾಸ್ ಬರೀ ಯುದ್ಧದ ಕಥೆ ಅಂದುಕೊಳ್ಳಬೇಡಿ. ಅದರಲ್ಲಿ ಕೊಕೊತೊಯ್ ಎಂಬ ಹಿರಿಯನ ಶ್ರಾದ್ಧದೂಟದ ದೊಡ್ಡ ಪ್ರಸಂಗ ಇದೆ. 1856ರಲ್ಲೇ ಚೋಕನ್ ವಲಿಖಾನೊವ್ ಎಂಬ ಕಜಕ್ ವಿದ್ವಾಂಸ ಅದನ್ನು ಬರೆಸಿಕೊಂಡಿದ್ದರು. ಯಾರನ್ನು ಕರೆಯಬೇಕು, ಯಾರಿಗೆ ಯಾವ ಜಾಗ, ಕುದುರೆ ಓಟ, ಕುಸ್ತಿ, ಬಹುಮಾನ, ಜಗಳ ಎದ್ದರೆ ಏನು ಮಾಡಬೇಕು, ಎಲ್ಲ ಅದರಲ್ಲಿದೆ. ಕೇಳುತ್ತಾ ಕೂತ ಹುಡುಗ ಕಥೆ ಕೇಳಿದ ಹಾಗೂ ಆಯಿತು, ಊರಿನ ನಡವಳಿಕೆ ಕಲಿತ ಹಾಗೂ ಆಯಿತು. ನಮ್ಮ ಮಂಟೇಸ್ವಾಮಿ, ಮಾದೇಶ್ವರರ ಕಥೆಗಳನ್ನು ರಾತ್ರಿಯಿಡೀ ಕೂತು ಕೇಳಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಮಗನ ಜೇಬಿನಲ್ಲಿ 500 ಸೋಮ್ ನೋಟು ಇರಬಹುದು, ತೆಗೆದು ನೋಡಲಿ. ಅದರ ಮೇಲಿರುವ ಮುಖ ಸಯಾಕ್‌ಬಾಯ್ ಕರಲಾಯೆವ್ ಅವರದು. 100ರ ಮೇಲೆ ಹಾಡುಗಾರ ತೊಕ್ತೊಗುಲ್, 200ರ ಮೇಲೆ ಕವಿ ಅಲಿಕುಲ್ ಒಸ್ಮೊನೊವ್. ನೋಟಿನ ಮೇಲೆ ಇಷ್ಟೊಂದು ಮಾತುಗಾರರನ್ನು ಕೂರಿಸಿದ ದೇಶ ತಾನು ಯಾವುದರಿಂದ ಆಗಿದ್ದೇನೆ ಅಂತ ಚೆನ್ನಾಗಿ ತಿಳಿದಿದೆ.

ಹಳೆಯ 10 ಸೋಮ್ ನೋಟಿನ ಮೇಲೆ ಇದ್ದವರು ಕಾಸಿಮ್ ತಿನಿಸ್ತಾನೊವ್. ಇವರ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಕಿರ್ಗಿಜ್ ಭಾಷೆಗೆ ಮೊದಲು ಅರಬ್ಬಿ ಲಿಪಿ ಇತ್ತು. 1924ರಲ್ಲಿ ಮೊದಲ ಪತ್ರಿಕೆ ‘ಎರ್ಕಿನ್ ತೋ’ ಬಂದದ್ದು ಅದರಲ್ಲೇ. 1920ರ ದಶಕದ ಕೊನೆಗೆ ಲ್ಯಾಟಿನ್ ಬಂತು. 1940ರ ಹೊತ್ತಿಗೆ ಅದನ್ನೂ ಬಿಡಿಸಿ ರಷ್ಯನ್ನರ ಸಿರಿಲಿಕ್ ಹೇರಿದರು. ಇಪ್ಪತ್ತು ವರ್ಷದೊಳಗೆ ಮೂರು ಲಿಪಿ! ಅಜ್ಜ ಬರೆದ ಕಾಗದ ಮೊಮ್ಮಗನಿಗೆ ಚಿತ್ತಾರ. ಚೀನಾದ ಕಡೆಯ ಕಿರ್ಗಿಜರು ಇವತ್ತಿಗೂ ಅರಬ್ಬಿ ಲಿಪಿಯಲ್ಲೇ ಬರೆಯುತ್ತಾರೆ. ಗಡಿಯ ಆಚೀಚೆಯವರು ಎದುರು ಕೂತರೆ ಮಾತಾಡಬಲ್ಲರು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲಾರರು.

ಆ ಮೊದಲ ಎರಡು ಲಿಪಿಗಳನ್ನು ಕಿರ್ಗಿಜ್‌ಗೆ ಹೊಂದಿಸಿ, ಮಕ್ಕಳಿಗೆ ಪಠ್ಯ, ವ್ಯಾಕರಣ ಬರೆದುಕೊಟ್ಟ ಭಾಷಾ ಪಂಡಿತ ತಿನಿಸ್ತಾನೊವ್. 1938ರಲ್ಲಿ ಸ್ಟಾಲಿನ್ ಆಡಳಿತ ಅವರನ್ನು ಗುಂಡಿಕ್ಕಿ ಕೊಂದಿತು. ವಯಸ್ಸು 40 ಕೂಡ ದಾಟಿರಲಿಲ್ಲ. ಅವರನ್ನೂ ಸೇರಿ 130ಕ್ಕೂ ಹೆಚ್ಚು ಜನರ ಹೆಣಗಳನ್ನು ರಾಜಧಾನಿಯ ಹತ್ತಿರ ಚೊಂಗ್ ತಾಶ್ ಎಂಬಲ್ಲಿ ಇಟ್ಟಿಗೆ ಗೂಡಿನೊಳಗೆ ಹೂತುಬಿಟ್ಟರು. ಕುಟುಂಬಗಳಿಗೆ ಜಾಗ ತಿಳಿಸಲಿಲ್ಲ. ಅಲ್ಲಿನ ಕಾವಲುಗಾರನಿಗೆ ಮಾತ್ರ ಗೊತ್ತಿತ್ತು. ಅವನು ಬದುಕಿರುವವರೆಗೂ ಬಾಯಿ ಬಿಡಲಿಲ್ಲ, ಸಾಯುವ ಮುನ್ನ ಮಗಳಿಗೆ ಹೇಳಿದ. ಮಗಳು ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಾದಳು. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದಾಗ ಹೇಳಿದಳು. 1991ರಲ್ಲಿ ಅಗೆದರೆ ಎಲ್ಲ ಸಿಕ್ಕಿತು. ಆ ಹೆಣಗಳಲ್ಲಿ ಲೇಖಕ ಚಿಂಗಿಜ್ ಐತ್ಮಾತೊವ್ ಅವರ ತಂದೆ ತೊರೊಕುಲ್ ಕೂಡ ಇದ್ದರು. ಸ್ಮಾರಕಕ್ಕೆ ಇಟ್ಟ ಹೆಸರು ‘ಆತಾ ಬೆಯಿತ್’, ತಂದೆಯರ ಸಮಾಧಿ. 2008ರಲ್ಲಿ ಐತ್ಮಾತೊವ್ ಅವರನ್ನೂ ಅಲ್ಲೇ ಮಣ್ಣು ಮಾಡಿದರು. ಅಕ್ಷರ ಕೊಟ್ಟವನ ಗೋರಿಯ ವಿಳಾಸ ಐವತ್ತು ವರ್ಷ ಒಂದು ಬಾಯಿಂದ ಇನ್ನೊಂದು ಕಿವಿಗೆ ಹೋಗಿ ಉಳಿಯಿತು. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ನಗರದಲ್ಲಿ ರಷ್ಯನ್ ಆದರೆ ಎಲ್ಲ ಹೋಗುತ್ತದಾ?

ಐತ್ಮಾತೊವ್ ಅವರನ್ನೇ ನೋಡಿ. ಹಳ್ಳಿಯಲ್ಲಿ ಅಜ್ಜಿಯ ಕಥೆ ಕೇಳಿ ಬೆಳೆದವರು. ಮೊದಲು ಕಿರ್ಗಿಜ್‌ನಲ್ಲಿ ಬರೆದರು, 1960ರ ದಶಕದಿಂದ ಹೆಚ್ಚಾಗಿ ರಷ್ಯನ್‌ನಲ್ಲಿ ಬರೆದರು. ಆ ರಷ್ಯನ್ನಿನೊಳಗೂ ಅಜ್ಜಿಯ ಜಗತ್ತು ಇತ್ತು. ಹಾಗಾಗಿ ರಷ್ಯನ್ ಬಂದ ಕೂಡಲೇ ಕಿರ್ಗಿಜತನ ಸತ್ತಿತು ಅಂತ ನಾನು ಹೇಳುವುದಿಲ್ಲ. ಆದರೆ ಅವರೇ 1980ರ ಕಾದಂಬರಿಯೊಂದರಲ್ಲಿ ‘ಮಂಕುರ್ತ್’ ಕಥೆ ಹೇಳಿದರು. ಸೆರೆ ಸಿಕ್ಕವನ ತಲೆ ಬೋಳಿಸಿ, ಹಸಿ ಒಂಟೆ ಚರ್ಮ ಬಿಗಿದು ಬಿಸಿಲಿಗೆ ಬಿಡುತ್ತಾರೆ. ಚರ್ಮ ಒಣಗಿ ಬಿಗಿಯುತ್ತದೆ. ಬದುಕಿ ಉಳಿದವನಿಗೆ ಹೆಸರು, ತಂದೆ, ತಾಯಿ ಯಾವುದೂ ನೆನಪಿರುವುದಿಲ್ಲ. ಹುಡುಕಿಕೊಂಡು ಬಂದ ತಾಯಿಯನ್ನೇ ಅವನು ಬಾಣ ಬಿಟ್ಟು ಕೊಲ್ಲುತ್ತಾನೆ. ಇವತ್ತು ಅಲ್ಲಿ ತನ್ನ ಭಾಷೆ, ಬೇರು ಮರೆತವನನ್ನು ‘ಮಂಕುರ್ತ್’ ಎಂದು ಬೈಯುತ್ತಾರೆ. ರಷ್ಯನ್ ಮಾತ್ರ ಬರುವ ನಗರದ ಹುಡುಗರಿಗೆ ಈ ಬೈಗುಳ ಬಿದ್ದದ್ದು ಎಷ್ಟೋ. ನನಗೆ ಅದು ಸರಿ ಕಾಣುವುದಿಲ್ಲ. ಸೋವಿಯತ್ ಕಾಲದಲ್ಲಿ ರಾಜಧಾನಿಯಲ್ಲಿ ಬಹುಕಾಲ ಕಿರ್ಗಿಜ್ ಮಾಧ್ಯಮದ್ದು ಒಂದೇ ಒಂದು ಶಾಲೆ ಇತ್ತು. ಕಲಿಸದೆ ಇದ್ದದ್ದನ್ನು ಕಲಿಯಲಿಲ್ಲ ಅಂತ ಮಕ್ಕಳನ್ನು ಬೈಯುವುದು ಯಾವ ನ್ಯಾಯ?

1989ರ ಸೆಪ್ಟೆಂಬರ್ 23ರಂದು ಕಿರ್ಗಿಜ್ ರಾಜ್ಯಭಾಷೆ ಆಯಿತು. ಅಂದಿನಿಂದ ಆ ದಿನ ಭಾಷೆಯ ಹಬ್ಬ. ರಷ್ಯನ್ ಅಧಿಕೃತ ಭಾಷೆಯಾಗಿ ಉಳಿದಿದೆ. 2023ರಲ್ಲಿ ಹೊಸ ಭಾಷಾ ಕಾನೂನು ಬಂತು, ಅಧಿಕಾರಿಗಳಿಗೆ ಕಿರ್ಗಿಜ್ ಗೊತ್ತಿರಲೇಬೇಕು ಅಂತ. ಮನಾಸ್ 2013ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಎಲ್ಲ ಒಳ್ಳೆಯದೇ. ಆದರೆ ವೇದಿಕೆಯ ಮೇಲೆ ಮನಾಸ್, ಅಡುಗೆಮನೆಯಲ್ಲಿ ರಷ್ಯನ್ ಆದರೆ ಒಂದು ತಲೆಮಾರಿನ ಮೇಲೆ ಮನಾಸ್ ಕೇಳುವ ಕಿವಿಯೇ ಇರುವುದಿಲ್ಲ. ನಾನು ಲೆಕ್ಕ ಹಾಕುವ ರೀತಿ ಬೇರೆ. ಬಾತಾ ಯಾವ ಭಾಷೆಯಲ್ಲಿ ಕೊಡುತ್ತಾರೆ? ಮಗುವನ್ನು ಏನಂತ ಕರೆಯುತ್ತಾರೆ? ಸಾವಿನ ಮನೆಯಲ್ಲಿ ಹೆಂಗಸರು ಹಾಡಿ ಅಳುವ ‘ಕೊಶೊಕ್’ ಯಾವ ಭಾಷೆಯಲ್ಲಿದೆ? ಈ ಕೆಲಸಗಳನ್ನು ಇನ್ನೊಂದು ಭಾಷೆಯಲ್ಲಿ ಮಾಡಲು ಅವರಿಗೆ ಇನ್ನೂ ಬಾಯಿ ಬರುವುದಿಲ್ಲ. ಅಲ್ಲಿಯವರೆಗೆ ನನಗೆ ಧೈರ್ಯವಿದೆ.

ಇನ್ನೊಂದು ವಿಚಿತ್ರ. ಲಕ್ಷಾಂತರ ಕಿರ್ಗಿಜರು ದುಡಿಯಲು ರಷ್ಯಾಕ್ಕೆ ಹೋಗುತ್ತಾರೆ, ಎಷ್ಟೋ ಮಂದಿ ಮಕ್ಕಳನ್ನು ಹಳ್ಳಿಯಲ್ಲಿ ಅಜ್ಜ ಅಜ್ಜಿಯ ಹತ್ತಿರ ಬಿಡುತ್ತಾರೆ. ಅಪ್ಪ ಅಮ್ಮನ ಮಡಿಲು ತಪ್ಪಿದ್ದು ದೊಡ್ಡ ನೋವು. ಆದರೆ ಆ ಮಕ್ಕಳ ಕಿರ್ಗಿಜ್ ಅಜ್ಜಿಯ ಕಿರ್ಗಿಜ್, ಹಳೆಯದು, ದಟ್ಟವಾದದ್ದು.

ಕೊನೆಗೆ ನಿಮ್ಮ ಮಗನಿಗೆ ಒಂದು ವ್ಯಾಕರಣದ ಸುದ್ದಿ, ಕನ್ನಡದವನಿಗೆ ಇದು ಸುಲಭ. ಕಿರ್ಗಿಜ್‌ನಲ್ಲಿ ‘ಕೆಲ್ದಿ’ ಅಂದರೆ ಬಂದ, ಕಣ್ಣಾರೆ ಕಂಡದ್ದು. ‘ಕೆಲಿಪ್ತಿರ್’ ಅಂದರೆ ಬಂದನಂತೆ. ನಮ್ಮ ‘ಅಂತೆ’ ಮಾಡುವ ಕೆಲಸವನ್ನು ಅಲ್ಲಿ ಕ್ರಿಯಾಪದದ ಬಾಲ ಮಾಡುತ್ತದೆ. ನೋಡಿದ್ದೂ ಕೇಳಿದ್ದೂ ಬೆರೆಯದ ಹಾಗೆ ಭಾಷೆಯೇ ಕಾಯುತ್ತದೆ. ಅಲ್ಲಿನ ಅಜ್ಜಿಕಥೆ ಶುರುವಾಗುವುದು ‘ಇಲ್ಗೆರಿ ಇಲ್ಗೆರಿ’, ಹಿಂದೆ ಹಿಂದೆ ಅಂತ. ಆಮೇಲೆ ‘ಬಿರ್ ಕಿಶಿ ಬೊಲುಪ್ತುರ್’, ಒಬ್ಬ ಇದ್ದನಂತೆ. ಮುಂದಿನ ಸಲ ಆ ಹಳ್ಳಿಗೆ ಹೋದಾಗ ಗೆಳೆಯನ ಅಜ್ಜಿಯ ಹತ್ತಿರ ಒಂದು ಕಥೆ ಕೇಳಲಿ, ಅವರ ಏಳು ತಂದೆಯರ ಹೆಸರು ಕೇಳಲಿ. ಅವರೂ ಇವನ ಏಳು ಹೆಸರು ಕೇಳುತ್ತಾರೆ, ಹೋಗುವ ಮುಂಚೆ ನೀವು ಒಂದು ಸಲ ಕೂತು ಹೇಳಿಕೊಟ್ಟಿರಿ. ಊಟ ಆದ ಮೇಲೆ ಅಜ್ಜಿ ಅಂಗೈ ಬಿಚ್ಚಿದಾಗ ಇವನೂ ಬಿಚ್ಚಲಿ. ಅವರು ಪೂರ್ತಿ ಹೇಳಿ ಮುಗಿಸುವ ತನಕ ಕಾಯಲಿ, ಆಮೇಲೆ ‘ಓಮಿಯಿನ್’ ಅನ್ನಲಿ.